ಚರ್ಚಿಗೆ ಹೋಗದ ಭಾನುವಾರಗಳು

ನಾನು ಹನ್ನೊಂದು ವರ್ಷದವಳಾಗಿದ್ದಾಗ ನಮ್ಮ ಮನೆಯವರು ಚರ್ಚಿಗೆ ಹೋಗುವುದನ್ನು ನಿಲ್ಲಿಸಿದರು. ಸರಿಯಾಗಿ ಹೇಳುವುದಾದರೆ ಅಪ್ಪ ನಿಲ್ಲಿಸಿದರು, ಅವರ ಹಿಂದೆ ನಾವೂ ನಿಂತೆವು. ಯಾಕೆ ಎಂದು ಆಗ ಯಾರೂ ಹೇಳಲಿಲ್ಲ. ಆಮೇಲೆ ಹೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ಮಿಷನ್ನಿನ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿದ್ದರು. ಚರ್ಚಿನ ಆಡಳಿತ ನಮ್ಮವರ ಕೈಗೇ ಬಂದಿತ್ತು. ನಾವಿದ್ದದ್ದು ಮೈಸೂರಿನ ವಿದ್ಯಾರಣ್ಯಪುರದ ಒಂದು ಬಾಡಿಗೆ ಮನೆಯಲ್ಲಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತರು, ಅಮ್ಮ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಟೀಚರು. ನಾನು, ಆರು ವರ್ಷದ ತಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ಇಷ್ಟೇ ಸಂಸಾರ. ಆ ಬೀದಿಯಲ್ಲಿ ಕ್ರೈಸ್ತರು ನಾವೊಬ್ಬರೇ. ಉಳಿದವರು ಸುತ್ತಲಿನ ಹಳ್ಳಿಗಳಿಂದ ಬಂದ ಒಕ್ಕಲು ಮನೆಗಳವರು. ಹೊಲ ಊರಿನಲ್ಲಿ, ಕೆಲಸ ಇಲ್ಲಿ. ಪಕ್ಕದ ಮನೆಯಾಕೆ ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದರು. ನಾವು ಅವರನ್ನು ಹಾಲಿನಕ್ಕ ಎನ್ನುತ್ತಿದ್ದೆವು.

ಭಾನುವಾರ ಅಂದರೆ ನಮ್ಮ ಮನೆಯಲ್ಲಿ ಎದ್ದ ಕೂಡಲೇ ಆತುರ. ಅಜ್ಜಿಗೆ ಮಂಡಿನೋವು ಇದ್ದುದರಿಂದ ಜಟಕಾ ಬರುತ್ತಿತ್ತು. ಅಜ್ಜಿ, ಅಮ್ಮ, ತಮ್ಮ ಅದರಲ್ಲಿ ಹೋದರೆ ನಾನೂ ಅಪ್ಪನೂ ಅಗ್ರಹಾರದ ಕಡೆಯಿಂದ ನಡೆದುಕೊಂಡು ಹೋಗುತ್ತಿದ್ದೆವು. ಅಪ್ಪ ಗಾಯಕ ತಂಡದಲ್ಲಿ ದಪ್ಪ ದನಿಯ ಸಾಲಿನವರು. ದಾರಿಯುದ್ದಕ್ಕೂ ಗಂಟಲು ಸರಿಮಾಡಿಕೊಳ್ಳುತ್ತ ಬರುತ್ತಿದ್ದರು. ಆರಾಧನೆ ಮುಗಿದ ಮೇಲೆ ಕಾಂಪೌಂಡಿನ ಮರದ ಕೆಳಗೆ ಜನ ನಿಲ್ಲುತ್ತಿದ್ದರು. ಯಾರಿಗೆ ಹೆರಿಗೆಯಾಯಿತು, ಯಾರಿಗೆ ವರ್ಗವಾಯಿತು, ಯಾರ ಮಗಳಿಗೆ ಗಂಡು ಸಿಕ್ಕಿತು ಎಲ್ಲ ಅಲ್ಲೇ ತಿಳಿಯುತ್ತಿತ್ತು. ‘ಒಳಗಿನ ಚರ್ಚು ಒಂದೂವರೆ ಗಂಟೆ, ಹೊರಗಿನದು ಎರಡು ಗಂಟೆ’ ಎಂದು ಅಪ್ಪನೇ ತಮಾಷೆ ಮಾಡುತ್ತಿದ್ದರು.

ಅಜ್ಜಿಗೆ ಅಲ್ಲಿ ಒಬ್ಬ ಅಣ್ಣ ಇದ್ದರು. ನಾವು ಅವರನ್ನು ತಾತ ಎನ್ನುತ್ತಿದ್ದೆವು. ಚರ್ಚಿನ ಹಿಂದಿನ ಓಣಿಯಲ್ಲಿ ಮಗನ ಮನೆಯಲ್ಲಿದ್ದರು. ಆ ಮಗ ನಮ್ಮ ಚರ್ಚಿನ ಸೆಕ್ರೆಟರಿ. ನಾನು ಅವರನ್ನು ಸೆಕ್ರೆಟರಿ ಮಾವ ಎನ್ನುತ್ತಿದ್ದೆ. ಭಾನುವಾರ ನಾವು ಬರುವ ಹೊತ್ತಿಗೆ ತಾತ ಮುಂದಿನ ಬೆಂಚಿನಲ್ಲಿ ಕೂತು ಬಾಗಿಲ ಕಡೆಗೇ ನೋಡುತ್ತಿರುತ್ತಿದ್ದರು. ಅಜ್ಜಿ ಹೆಂಗಸರ ಕಡೆಯ ಬೆಂಚಿನಲ್ಲಿ ಕೂತ ಮೇಲೆಯೇ ಅವರು ಮುಂದಕ್ಕೆ ತಿರುಗುತ್ತಿದ್ದದ್ದು.

ಅದು ಸುಗ್ಗಿಯ ಹಬ್ಬದ ಭಾನುವಾರ. ಆ ದಿನ ಜನ ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಹೊಸ ಅಕ್ಕಿ, ಕೋಳಿ ಎಲ್ಲ ತಂದು ಚರ್ಚಿಗೆ ಕೊಡುತ್ತಾರೆ. ಆರಾಧನೆಯಾದ ಮೇಲೆ ಅವನ್ನು ಹರಾಜು ಹಾಕುತ್ತಾರೆ. ನಾನು ಹುಡುಗಿಯರ ಜೊತೆ ಬಾವಿಯ ಹತ್ತಿರ ಆಡುತ್ತಿದ್ದೆ. ಮರದ ಕೆಳಗೆ ಗಂಡಸರ ದನಿ ಒಮ್ಮೆಲೇ ಏರಿತು, ಆಮೇಲೆ ಪೂರ್ತಿ ನಿಂತಿತು. ತಿರುಗಿ ನೋಡಿದರೆ ಅಪ್ಪ ಒಬ್ಬರೇ ಗೇಟಿನ ಕಡೆ ನಡೆದು ಬರುತ್ತಿದ್ದಾರೆ. ಸೆಕ್ರೆಟರಿ ಮಾವ ಒಂದು ಬಾಳೆಗೊನೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಾರೆ. ‘ನಡೀರಿ’ ಎಂದರು ಅಪ್ಪ. ಅಮ್ಮ ಯಾರ ಜೊತೆಗೋ ಮಾತಾಡುತ್ತಿದ್ದವರು ಅರ್ಧಕ್ಕೇ ಬಿಟ್ಟು ಬಂದರು. ಆ ದಿನ ಜಟಕಾದಲ್ಲಿ ನನ್ನನ್ನೂ ತುರುಕಿದರು. ಅಪ್ಪ ಒಬ್ಬರೇ ನಡೆದು ಬಂದರು.

ಮುಂದಿನ ಭಾನುವಾರ ನಾನು ತಲೆ ಬಾಚಿಸಿಕೊಂಡು, ರಿಬ್ಬನ್ ಕಟ್ಟಿಸಿಕೊಂಡು ಬಾಗಿಲಲ್ಲಿ ನಿಂತರೆ ಅಪ್ಪ ಪಂಚೆಯಲ್ಲೇ ಇದ್ದರು.

‘ಇವತ್ತಿಂದ ಆರಾಧನೆ ಮನೇಲೇ,’ ಎಂದರು. ‘ಇಬ್ಬರು ಮೂವರು ಸೇರಿದ ಕಡೆ ದೇವರು ಇರ್ತಾನೆ. ನಾವು ಐದು ಜನ ಇದೀವಿ.’

ನಡುಮನೆಯಲ್ಲಿ ಚಾಪೆ ಹಾಸಿದೆವು. ಅಪ್ಪನಿಗೆ ಒಂದು ಕುರ್ಚಿ. ಅಪ್ಪ ಪ್ರಾರ್ಥನೆ ಮಾಡಿ, ವೇದಪಾಠ ಓದಿ, ಅರ್ಥ ಹೇಳಿದರು. ಅದೆಲ್ಲ ಹೇಗೋ ನಡೆಯಿತು. ಹಾಡು ಶುರುವಾದಾಗ ತೊಂದರೆ ತಿಳಿಯಿತು. ಅಪ್ಪ ಹದಿನೆಂಟನೇ ವಯಸ್ಸಿನಿಂದ ದಪ್ಪ ದನಿಯ ಸಾಲನ್ನೇ ಹಾಡಿದವರು. ಹಾಡಿನ ಮೇಲಿನ ರಾಗವೇ ಅವರಿಗೆ ಬರುತ್ತಿರಲಿಲ್ಲ. ನೂರು ಜನ ಹಾಡುವಾಗ ಅವರ ದನಿ ನೆಲದ ಹಾಗೆ ಕೆಳಗೆ ಇರುತ್ತಿತ್ತು. ಒಬ್ಬರೇ ಹಾಡಿದಾಗ ‘ಊಂ ಊಂ’ ಎಂದು ಒಂದೇ ಕಡೆ ನಿಂತ ಹಾಗೆ ಕೇಳಿಸಿತು. ಅಮ್ಮನ ದನಿ ಸಣ್ಣದು, ಎರಡು ಸಾಲಿಗೆ ತಪ್ಪಿಹೋಯಿತು. ತಮ್ಮ ಕಿಸಕ್ಕನೆ ನಕ್ಕ. ಅಪ್ಪ ಅವನನ್ನು ಗದರಿಸಿದರು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಪ್ರಾರ್ಥನೆ ಮಾಡುತ್ತಿದ್ದರೋ ಸಿಟ್ಟಾಗಿದ್ದರೋ ನನಗೆ ತಿಳಿಯಲಿಲ್ಲ.

ಹಾಲಿನಕ್ಕ ಹಿತ್ತಲಿನ ಗೋಡೆಯ ಮೇಲಿಂದ ಇಣುಕಿ, ‘ಯಾಕ್ ಟೀಚ್ರಮ್ಮ, ಇವತ್ತು ಚರ್ಚಿಗೆ ವೋಗ್ನಿಲ್ವಾ? ಯಾರ್ಗಾದ್ರೂ ಉಸಾರಿಲ್ವಾ?’ ಎಂದು ಕೇಳಿದರು.

‘ಮನೇಲೇ ಮಾಡಿದ್ವಿ ಕಣಕ್ಕ,’ ಎಂದರು ಅಮ್ಮ.

‘ಮಾಡ್ಬೌದಾ ಅಂಗೆ? ನಮ್ ದ್ಯಾವ್ರು ಮನೇಲೂ ಇರ್ತದೆ, ಗುಡೀಲೂ ಇರ್ತದೆ. ನಿಮ್ದೂ ಅಂಗೇಯಾ?’

ಅಮ್ಮ ಏನೋ ಕೆಲಸವಿದೆ ಎಂದು ಒಳಗೆ ಬಂದುಬಿಟ್ಟರು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ದೇವರು ಮನೆಯಲ್ಲೂ ಇದ್ದರೆ ಇಷ್ಟು ವರ್ಷ ನಾವು ಯಾಕೆ ಆತುರಾತುರವಾಗಿ ಅಷ್ಟು ದೂರ ಹೋಗುತ್ತಿದ್ದೆವು? ಇಲ್ಲದಿದ್ದರೆ ಈಗ ಅಪ್ಪ ಯಾರ ಜೊತೆ ಮಾತಾಡುತ್ತಿದ್ದಾರೆ?

ಶಾಲೆಯಲ್ಲಿ ನಮ್ಮ ಚರ್ಚಿನ ಹುಡುಗಿಯೊಬ್ಬಳು ಇದ್ದಳು. ಬಾಳೆಗೊನೆಗೆ ಅಪ್ಪ ಕೂಗಿದ್ದು ಸೆಕ್ರೆಟರಿ ಮಾವನಿಗೆ ಕೇಳಿಸಲಿಲ್ಲವಂತೆ, ಬೇರೆಯವರಿಗೆ ಕೊಟ್ಟರಂತೆ, ಅದಕ್ಕೇ ಜಗಳ ಎಂದಳು ಅವಳು. ಒಂದು ಬಾಳೆಗೊನೆಗೆ ಯಾರಾದರೂ ಚರ್ಚು ಬಿಡುತ್ತಾರೆಯೇ? ಅಮ್ಮನನ್ನು ಕೇಳಿದೆ. ‘ಬಾಳೆಗೊನೆಯೂ ಅಲ್ಲ, ಏನೂ ಅಲ್ಲ. ಹಾಡಿನ ವಿಷಯ. ಹಳೇ ರಾಗಾನೇ ಇರ್ಲಿ ಅಂದ್ರು ನಿಮ್ಮಪ್ಪ, ಹೊಸದು ಕಲೀಬೇಕು ಅಂದ್ರು ನಿಮ್ಮ ಮಾವ. ದೊಡ್ಡವರ ಮಾತು, ನಿನಗ್ಯಾಕೆ?’ ಎಂದರು. ಇದನ್ನು ಹೇಳುವಾಗ ಅಮ್ಮ ನನ್ನ ಮುಖ ನೋಡಲಿಲ್ಲ. ಆದ್ದರಿಂದ ಅದೂ ಪೂರ್ತಿ ನಿಜವಲ್ಲ ಎನ್ನಿಸಿತು.

ಮಳೆಗಾಲದ ಮೊದಲು ಅಪ್ಪ ನಮ್ಮನ್ನು ಬೇರೆ ಚರ್ಚುಗಳಿಗೆ ಕರೆದುಕೊಂಡು ಹೋಗಿ ನೋಡಿದರು. ಎರಡು ಗೋಪುರದ ದೊಡ್ಡ ಚರ್ಚಿಗೆ ಒಂದು ಭಾನುವಾರ ಹೋದೆವು. ಎಲ್ಲರೂ ಮೊಣಕಾಲೂರಿದಾಗ ನಾವು ನಿಂತಿದ್ದೆವು, ನಾವು ಮೊಣಕಾಲೂರುವಷ್ಟರಲ್ಲಿ ಅವರು ಎದ್ದಿದ್ದರು. ಗುರುಗಳು ಹೇಳಿದ್ದು ಯಾವ ಭಾಷೆಯೋ ತಿಳಿಯಲಿಲ್ಲ. ತಮ್ಮ ಬಣ್ಣದ ಗಾಜುಗಳನ್ನು ನೋಡುತ್ತ ಸಂತೋಷವಾಗಿದ್ದ. ಇನ್ನೊಂದು ಭಾನುವಾರ ತಮಿಳಿನವರ ಆರಾಧನೆಗೆ ಹೋದೆವು. ಅಲ್ಲಿಯವರು ಬಹಳ ಒಳ್ಳೆಯವರು. ನಮಗೆ ಮುಂದಿನ ಬೆಂಚು ಬಿಟ್ಟುಕೊಟ್ಟರು, ಕಾಫಿ ಕೊಟ್ಟರು, ಯಾವ ಊರಿನಿಂದ ಬಂದಿದ್ದೀರಿ ಎಂದು ಕೇಳಿದರು. ಮೈಸೂರಿನಲ್ಲೇ ಹುಟ್ಟಿದ ಅಪ್ಪ ‘ಇಲ್ಲೇ, ವಿದ್ಯಾರಣ್ಯಪುರ’ ಎಂದಾಗ ಅವರಿಗೂ ಗಲಿಬಿಲಿಯಾಯಿತು. ಬರುವ ದಾರಿಯಲ್ಲಿ ಅಪ್ಪ, ‘ಎಲ್ಲಾ ಕಡೇನೂ ಇರೋದು ಒಬ್ಬನೇ ದೇವರು,’ ಎಂದರು.

‘ದೇವರು ಇದಾನೆ ಕಣ್ರೀ,’ ಎಂದರು ಅಮ್ಮ, ‘ನಮ್ಮನ್ನ ಬಲ್ಲೋರು ಯಾರೂ ಇಲ್ಲ.’

ಅಪ್ಪ ನಡಿಗೆ ಚುರುಕು ಮಾಡಿದರು. ಆಮೇಲೆ ಬೇರೆ ಚರ್ಚಿಗೂ ಹೋಗಲಿಲ್ಲ.

ಈ ಯಾವ ಚರ್ಚಿಗೂ ಅಜ್ಜಿ ಬರಲಿಲ್ಲ. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ಬಿಳಿ ಸೀರೆ ಉಟ್ಟು, ಕೊಡೆ ಹಿಡಿದು ಜಗಲಿಯ ಮೇಲೆ ಕೂರುತ್ತಿದ್ದರು. ಜಟಕಾ ಬರುವ ಹೊತ್ತಿನವರೆಗೆ ಕೂತು, ಹೊತ್ತು ಮೀರಿದ ಮೇಲೆ ಒಳಗೆ ಬಂದು ಸೀರೆ ಮಡಿಸಿಡುತ್ತಿದ್ದರು. ಕೊನೆಗೆ ಅಪ್ಪನಿಗೇ ತಡೆಯಲಾಗಲಿಲ್ಲ.

‘ಯಾಕಮ್ಮ ಹೀಗೆ ಕೂರ್ತೀಯ? ಬೀದಿಯವರೆಲ್ಲ ನೋಡ್ತಾರೆ. ದೇವರು ಮನೇಲಿಲ್ವಾ?’

‘ಇದಾನೆ. ನಾನೆಲ್ಲಿ ಇಲ್ಲ ಅಂದೆ?’

‘ಮತ್ತೆ?’

‘ನಾನು ಅಲ್ಲಿಗೆ ದೇವರಿಗೋಸ್ಕರ ಮಾತ್ರ ಹೋಗ್ತಿದ್ದೆ ಅಂದ್ಕೊಂಡಿದೀಯಾ? ಅದು ನನ್ನ ತವರು ಕಣೋ. ನಿನಗೆ ಜಗಳ ಇದ್ರೆ ಆಡ್ಕೋ. ಹೆಣ್ಣುಮಗಳಿಗೆ ತವರಿನ ದಾರಿ ಕಟ್ಟಬೇಡ.’

ಅಪ್ಪ ಅಂಗಿ ಹಾಕಿಕೊಂಡು ಹೊರಗೆ ಹೊರಟುಹೋದರು.

ನನಗೆ ಅರ್ಥವಾಗಲಿಲ್ಲ. ತವರು ಅಂದರೆ ಅಮ್ಮನಿಗೆ ಹಾಸನದಲ್ಲಿದ್ದ ಮನೆಯಂಥದು. ಚರ್ಚು ಹೇಗೆ ತವರಾಗುತ್ತದೆ? ಆ ಮಧ್ಯಾಹ್ನ ಅಜ್ಜಿಯ ಪಕ್ಕದಲ್ಲಿ ಕೂತು ಕೇಳಿದೆ. ಅಜ್ಜಿ ಅಕ್ಕಿ ಆರಿಸುತ್ತ ಹೇಳಿದರು.

ಮೈಸೂರಿಗೆ ಪ್ಲೇಗ್ ಬಂದಾಗ ಅವರು ನಾಲ್ಕೋ ಐದೋ ವರ್ಷದ ಮಗು. ಊರ ಹೊರಗೆ ಹಾಕಿದ್ದ ಶೆಡ್ಡುಗಳಲ್ಲಿ ಅವರ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಯಾವ ಊರಿನವರು, ಯಾರ ಪೈಕಿ ಎಂದು ಹೇಳುವವರು ಯಾರೂ ಉಳಿಯಲಿಲ್ಲ. ಅಜ್ಜಿಗೆ ನೆನಪಿದ್ದದ್ದು ಬಾಗಿಲಲ್ಲಿ ಕಟ್ಟಿದ್ದ ಒಂದು ಕರು ಮಾತ್ರ. ಉಳಿದ ಮಕ್ಕಳನ್ನು ಮಿಷನ್ನಿನವರು ಗಾಡಿಯಲ್ಲಿ ಹತ್ತಿಸಿಕೊಂಡು ತಮ್ಮ ಅನಾಥಶಾಲೆಗೆ ಕರೆತಂದರು. ಗಾಡಿಯಲ್ಲಿ ಪಕ್ಕದಲ್ಲಿದ್ದ ಒಬ್ಬ ಹುಡುಗ ಅಜ್ಜಿಯ ಕೈ ಹಿಡಿದುಕೊಂಡಿದ್ದ. ಇಳಿಸಿದ ಮೇಲೆ ದೊರೆಸಾನಿ ‘ಇದು ಯಾರ ಮಗು?’ ಎಂದು ಕೇಳಿದಾಗ ಅವನು ‘ನನ್ನ ತಂಗಿ’ ಎಂದ.

‘ತಾತಾನಾ?’

‘ಅವನೇ.’

‘ಹಾಗಾದ್ರೆ ತಾತ ನಿಜವಾಗ್ಲೂ ನಿನ್ನ ಅಣ್ಣ ತಾನೇ ಅಜ್ಜಿ?’

ಅಜ್ಜಿ ಒಂದು ಕಲ್ಲನ್ನು ಮೊರದಿಂದ ಎತ್ತಿ ಎಸೆದರು. ‘ಗೊತ್ತಿಲ್ಲ ಕಣೇ. ದೊಡ್ಡೋಳಾದ ಮೇಲೆ ಒಂದ್ಸಲ ಅವನನ್ನೇ ಕೇಳಿದೆ. ನನಗೂ ನೆನಪಿಲ್ಲ ತಂಗೀ ಅಂದ.’

ನಾನು ಅವರ ಮುಖವನ್ನೇ ನೋಡಿದೆ. ಅವರು ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ‘ನನ್ನ ಮದುವೆಗೆ ಚರ್ಚಿನವರೇ ಹೆಣ್ಣಿನ ಕಡೆಯವರು,’ ಎಂದರು. ‘ಚಪ್ಪರ ಹಾಕಿದೋರು ಅವರೇ, ಬಾಣಂತನ ಮಾಡಿದೋರು ಅವರೇ. ನನ್ನ ಗಂಡ ಹೋದಾಗ ನನ್ನ ಜೊತೆ ಕೂತು ಅತ್ತೋರೂ ಅವರೇ. ಇನ್ಯಾರಿದ್ರು ನನಗೆ?’

ಇದಾದ ಕೆಲವು ದಿನಗಳ ಮೇಲೆ ಸಂತೆಪೇಟೆಯಲ್ಲಿ ಸೆಕ್ರೆಟರಿ ಮಾವನ ಹೆಂಡತಿ ಅಮ್ಮನಿಗೆ ಎದುರಾದರು. ಇಬ್ಬರೂ ಸೊಪ್ಪಿನ ರಾಶಿಯ ಪಕ್ಕದಲ್ಲಿ ನಿಂತು ಪಿಸುಪಿಸು ಮಾತಾಡಿದರು. ನಾನು ಚೀಲ ಹಿಡಿದು ನಿಂತಿದ್ದೆ. ‘ನಮ್ಮನೆಯವರು ಸಿಟ್ಟಲ್ಲಿ ಬಾಯಿಗೆ ಬಂದಿದ್ದು ಅಂದ್ಬುಟ್ರು ಅಕ್ಕ,’ ಎಂದು ಆಕೆ ಕಣ್ಣೊರೆಸಿಕೊಂಡರು. ‘ನಿನ್ನ ತಾಯಿ ನಮ್ಮಪ್ಪನ ತಂಗಿ ಅನ್ನೋದಕ್ಕೆ ಏನು ಗುರುತಿದೆ, ನಮ್ಮ ಮೇಲೆ ಏನು ಅಧಿಕಾರ ಅಂತ ಕೇಳ್ಬುಟ್ರಂತೆ. ಆದ್ರೆ ಇವರು ನಾನು ಹಾಗೆ ಅನ್ನಲೇ ಇಲ್ಲ ಅಂತಾರೆ.’

ಅಲ್ಲಿಗೆ ನನ್ನ ಹತ್ತಿರ ಜಗಳಕ್ಕೆ ಮೂರು ಕಾರಣಗಳಾದವು. ಮೂರನೆಯದು ನಿಜವಿದ್ದರೆ ಅಪ್ಪನ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆದರೆ ಮಾವ ಹಾಗೆ ಯಾಕೆ ಅಂದಾರು? ಅವರಪ್ಪನೂ ಅದೇ ಗಾಡಿಯಲ್ಲಿ ಬಂದವರಲ್ಲವೇ? ಗುರುತು ಕೇಳಿದರೆ ಅವರ ಹತ್ತಿರ ಏನಿತ್ತು? ಅಜ್ಜಿಗೆ ಈ ವಿಷಯ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಅಮ್ಮ ದಾರಿಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದು, ‘ಅಜ್ಜಿಗೆ ಹೇಳ್ಬೇಡ’ ಎಂದರು.

ಅಜ್ಜಿಯ ತವರಿನ ಮಾತು ಹಿತ್ತಲ ಗೋಡೆ ದಾಟಿ ಹೋಗಿರಬೇಕು. ಒಂದು ಭಾನುವಾರ ಅಜ್ಜಿ ಜಗಲಿಯಲ್ಲಿ ಕೂತಿದ್ದಾಗ ಬೀದಿಗೆ ಒಂದು ಜಟಕಾ ಬಂತು. ಅದರಲ್ಲಿ ಹಾಲಿನಕ್ಕ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಕನಕಾಂಬರ ಮುಡಿದು ಕೂತಿದ್ದರು.

‘ಅಜ್ಜಮ್ಮ, ಅತ್ಕೊಳಿ. ನಾನ್ ಕರ್ಕೊಂಡೋಯ್ತೀನಿ,’ ಎಂದರು. ಬಾಗಿಲಲ್ಲಿ ನಿಂತ ಅಪ್ಪನ ಕಡೆ ತಿರುಗಿ, ‘ಸ್ವಾಮ್ಯಾರು ತಪ್ಪು ತಿಳ್ಕೋಬ್ಯಾಡಿ. ಎಣ್ಮಗ್ಳು ಇಂಗೆ ಜಗ್ಲಿ ಮ್ಯಾಲೆ ಕಾಯ್ಕಂಡು ಕುಂತಿರಾದು ನೋಡಕ್ಕಾಗಕಿಲ್ಲ,’ ಎಂದರು.

ಅಪ್ಪ ಬೇಡವೆನ್ನಲಿಲ್ಲ. ನನ್ನ ಬೆನ್ನು ತಟ್ಟಿ, ‘ಅಜ್ಜಿ ಜೊತೆ ಹೋಗು,’ ಎಂದರು. ಅವರಿಗೆ ಸಿಟ್ಟು ಬಂದಿತ್ತೋ ಸಮಾಧಾನವಾಗಿತ್ತೋ ನನಗೆ ಗೊತ್ತಾಗಲಿಲ್ಲ.

ಚರ್ಚಿನಲ್ಲಿ ಹಾಲಿನಕ್ಕನನ್ನು ಕಂಡು ಎಲ್ಲರೂ ತಿರುಗಿ ನೋಡಿದರು. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಅಜ್ಜಿಯನ್ನು ತೋಳು ಹಿಡಿದು ನಡೆಸಿಕೊಂಡು ಹೋಗಿ ಕೂರಿಸಿದರು. ತಾತ ಎದ್ದು ನಿಂತುಬಿಟ್ಟರು. ಆರಾಧನೆ ಮುಗಿದ ಮೇಲೆ ಪಾದ್ರಿಗಳ ಹೆಂಡತಿ ಓಡಿ ಬಂದು ಹಾಲಿನಕ್ಕನ ಎರಡೂ ಕೈ ಹಿಡಿದುಕೊಂಡರು.

‘ಬನ್ನಿ, ಬನ್ನಿ. ಬಹಳ ಸಂತೋಷ. ನೀವು ನಮ್ಮ ಸಭೆಗೆ ಸೇರಬೇಕು ಅಂತ ಬಂದ್ರಾ?’

‘ಅಯ್ಯೋ ಇಲ್ಲ ಕಣವ್ವ,’ ಎಂದರು ಹಾಲಿನಕ್ಕ. ‘ಈ ಅಜ್ಜಮ್ಮನ್ನ ತವರಿಗೆ ಬುಟ್ಟೋಗಾಣ ಅಂತ ಬಂದೆ. ಬಿರ್‌ಬಿರ್ನೆ ಮಾತಾಡ್ಸಿ ಕಳ್ಸಿ, ನಂಗೆ ಎಮ್ಮೆ ಕರ್ಯಾದದೆ.’

ಪಾದ್ರಿಗಳ ಹೆಂಡತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಜ್ಜಿ ಮಾತ್ರ ಜೋರಾಗಿ ನಕ್ಕರು. ಎಷ್ಟೋ ತಿಂಗಳ ಮೇಲೆ ನಾನು ಆ ನಗು ಕೇಳಿದೆ. ಸೆಕ್ರೆಟರಿ ಮಾವ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ನಮಸ್ಕಾರ ಮಾಡಬೇಕೋ ಮುಖ ತಿರುಗಿಸಬೇಕೋ ಗೊತ್ತಾಗದೆ ನನ್ನ ರಿಬ್ಬನ್ನನ್ನು ಎಳೆದುಕೊಳ್ಳುತ್ತ ನಿಂತೆ.

ಹೀಗೆ ಅಜ್ಜಿ, ನಾನು, ಹಾಲಿನಕ್ಕ ಕೆಲವು ಭಾನುವಾರ ಹೋಗಿಬಂದೆವು. ಅಪ್ಪ, ಅಮ್ಮ, ತಮ್ಮ ಮನೆಯಲ್ಲೇ ಆರಾಧನೆ ಮಾಡುತ್ತಿದ್ದರು. ನಾನು ಎರಡು ಕಡೆಗೂ ಸೇರಿದವಳೋ ಯಾವ ಕಡೆಗೂ ಸೇರದವಳೋ ಎಂದು ಯೋಚನೆಯಾಗುತ್ತಿತ್ತು. ಆಷಾಢದ ಮಳೆ ಹಿಡಿದ ಮೇಲೆ ಅಜ್ಜಿಯ ಮಂಡಿ ಬಾತುಕೊಂಡಿತು. ಜಟಕಾ ಹತ್ತುವುದೂ ಆಗದೆ ಹೋಯಿತು. ನಾವು ಮತ್ತೆ ಐವರೂ ನಡುಮನೆಯ ಚಾಪೆಗೆ ಬಂದೆವು.

ಅಂಥ ಒಂದು ಭಾನುವಾರ ಅಪ್ಪ ವೇದಪಾಠ ಓದುತ್ತಿದ್ದರು. ಹೊರಗೆ ಜಿನುಗು ಮಳೆ. ಬಾಗಿಲು ತೆರೆದೇ ಇತ್ತು. ಯಾರೋ ಮೆಟ್ಟಿಲ ಮೇಲೆ ಕಾಲು ಒರೆಸುವ ಸದ್ದಾಯಿತು. ನೋಡಿದರೆ ತಾತ. ಕೋಟಿನ ಗುಂಡಿಗಳು ಮೇಲೆ ಕೆಳಗಾಗಿದ್ದವು, ಕೊಡೆ ಕೈಯಲ್ಲಿದ್ದರೂ ಬಿಚ್ಚಿರಲಿಲ್ಲ, ತಲೆ ಪೂರ್ತಿ ನೆನೆದಿತ್ತು. ಸ್ವಲ್ಪ ಕಾಲದಿಂದ ಅವರಿಗೆ ಮರೆವು ಎಂದು ಕೇಳಿದ್ದೆವು. ಚರ್ಚಿನ ಬೆಂಚಿನಲ್ಲಿ ಕೂತು ಅಜ್ಜಿಯ ದಾರಿ ನೋಡಿ, ಅವರು ಬರದಿದ್ದಾಗ ಹುಡುಕಿಕೊಂಡು ಎದ್ದು ಬಂದಿದ್ದರು ಎಂಬುದು ನಮಗೆ ಆಮೇಲೆ ತಿಳಿಯಿತು. ಒಳಗೆ ಬಂದು ಅಜ್ಜಿಯನ್ನು ಕಂಡ ಕೂಡಲೇ ಅವರ ಮುಖ ಅರಳಿತು. ಅಜ್ಜಿಯ ಪಕ್ಕದ ಟ್ರಂಕಿನ ಮೇಲೆ ಕೂತು, ‘ಹೊತ್ತಾಗೋಯ್ತು ತಂಗೀ. ಶುರುವಾಗ್ಬಿಟ್ಟಿದೆ,’ ಎಂದು ಪಿಸುಗುಟ್ಟಿದರು.

ಅವರು ನಮ್ಮ ನಡುಮನೆಯನ್ನೇ ಚರ್ಚು ಎಂದುಕೊಂಡಿದ್ದರು.

ಅಪ್ಪ ಮುಂದಕ್ಕೆ ಓದಿದರು. ಆಮೇಲೆ ಹಾಡು ಶುರುಮಾಡಿದರು. ತಾತ ಎದ್ದು ನಿಂತರು. ಹಾಡುವುದಕ್ಕೆ ಬಾಯಿ ತೆರೆದು, ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಹಿಂದಕ್ಕೆ ತಿರುಗಿದರು. ಹಿಂದೆ ನಮ್ಮ ಒಲೆಯ ಕೋಣೆಯ ಬಾಗಿಲು.

‘ಎಲ್ಲಿ?’ ಎಂದರು. ‘ಎಲ್ಲಾ ಎಲ್ಲಿ?’

ಹಾಡು ನಿಂತಿತು. ‘ಯಾರು ಮಾವ?’ ಎಂದು ಅಪ್ಪ ತಾತನನ್ನು ಕೇಳಿದರು.

‘ನಮ್ಮ ಜನ. ಇಷ್ಟೇನಾ ಉಳಿದಿರೋದು?’ ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ದನಿ ಚಿಕ್ಕ ಹುಡುಗನದಾಗಿತ್ತು. ‘ಮತ್ತೆ ಬಂತಾ? ಪ್ಲೇಗ್ ಮತ್ತೆ ಬಂತಾ? ನನಗ್ಯಾಕೆ ಯಾರೂ ಹೇಳಲಿಲ್ಲ?’

‘ಅಣ್ಣಾ, ಕೂತ್ಕೋ. ಎಲ್ಲಾ ಚೆನ್ನಾಗಿದಾರೆ,’ ಎಂದು ಅಜ್ಜಿ ಅವರ ಕೋಟು ಹಿಡಿದೆಳೆದರು.

‘ಚೆನ್ನಾಗಿದ್ರೆ ಯಾಕೆ ಬರಲಿಲ್ಲ?’

ಅಜ್ಜಿ ಅಪ್ಪನ ಕಡೆ ನೋಡಿದರು. ಅಮ್ಮ ನೆಲ ನೋಡಿದರು. ತಮ್ಮ ಅಳುವುದಕ್ಕೆ ಶುರುಮಾಡಿದ. ತಾತನ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಅವರು ಅಜ್ಜಿಯ ಕೈ ಹಿಡಿದು, ‘ಹೆದರಬೇಡ ತಂಗೀ, ಗಾಡಿ ಬರುತ್ತೆ, ಗಾಡಿ ಬರುತ್ತೆ,’ ಎನ್ನುತ್ತಿದ್ದರು.

ಅಪ್ಪ ಪುಸ್ತಕ ಮುಚ್ಚಿಟ್ಟರು. ‘ಬನ್ನಿ ಮಾವ,’ ಎಂದರು. ‘ಎಲ್ಲಾ ಇದಾರೆ. ತೋರಿಸ್ತೀನಿ ಬನ್ನಿ.’

ಪಂಚೆಯಲ್ಲೇ, ತಲೆಗೆ ಏನೂ ಇಲ್ಲದೆ ಅಪ್ಪ ಹೊರಟರು. ತಾತ ಅವರ ಮಣಿಕಟ್ಟು ಹಿಡಿದುಕೊಂಡರು. ಇನ್ನೊಂದು ಕೈ ನಾನು ಹಿಡಿದೆ. ರಸ್ತೆಯೆಲ್ಲ ಕೆಸರು. ತಾತ ನಡುನಡುವೆ ನಿಂತು ಮನೆಗಳ ಬಾಗಿಲುಗಳನ್ನು ನೋಡುತ್ತಿದ್ದರು. ಬೀಗ ಹಾಕಿದ ಮನೆ ಕಂಡರೆ ಬೆಚ್ಚುತ್ತಿದ್ದರು.

ಅಗ್ರಹಾರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಎದುರಿನಿಂದ ಸೆಕ್ರೆಟರಿ ಮಾವ ಸೈಕಲ್ ತುಳಿದುಕೊಂಡು ಬಂದರು. ಅಂಗಿಯೆಲ್ಲ ನೆನೆದಿತ್ತು. ‘ಅಪ್ಪಾ!’ ಎಂದು ಸೈಕಲ್ಲಿನಿಂದ ಹಾರಿದರು. ‘ಎಲ್ಲಿಗೆ ಹೋಗ್ಬಿಟ್ರಿ? ಊರೆಲ್ಲ ಹುಡುಕ್ತಾ ಇದೀನಿ.’

ತಾತ ಹಿಂದಕ್ಕೆ ಸರಿದು ಅಪ್ಪನ ಬೆನ್ನಿಗೆ ನಿಂತರು. ‘ಯಾರಪ್ಪಾ ನೀನು?’ ಎಂದರು. ಆಮೇಲೆ ಅಪ್ಪನನ್ನು ಕೇಳಿದರು. ‘ಇವನ್ಯಾರು ನೋಡು. ನಮ್ಮವನಾ?’

ಅಪ್ಪ ಮಾವನನ್ನು ನೋಡಿದರು. ಮಾವ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದರು. ಅವರ ಮುಖ ಕುಂದಿಹೋಗಿತ್ತು. ಅಪ್ಪ ಏನು ಹೇಳುತ್ತಾರೋ ಎಂದು ನನಗೆ ಭಯವಾಯಿತು.

‘ಹೂಂ ಮಾವ,’ ಎಂದರು ಅಪ್ಪ. ‘ನಮ್ಮವನೇ.’

‘ಹಾಗಾದ್ರೆ ಬರಲಿ,’ ಎಂದರು ತಾತ.

ನಾವು ನಾಲ್ವರೂ ನಡೆದೆವು. ಮಾವ ಸೈಕಲ್ ತಳ್ಳಿಕೊಂಡು ಒಂದೆರಡು ಮಾರು ಹಿಂದೆ ಬಂದರು.

ಚರ್ಚಿನಲ್ಲಿ ಪಾದ್ರಿಗಳು ವೇದವಾಕ್ಯದ ಮೇಲೆ ಪ್ರಸಂಗ ಮಾಡುತ್ತಿದ್ದರು. ಅಪ್ಪ ಬಾಗಿಲಲ್ಲೇ ನಿಂತು ತಾತನನ್ನು ಒಳಗೆ ಕಳಿಸಬೇಕೆಂದಿದ್ದರು. ತಾತ ಕೈ ಬಿಡಲಿಲ್ಲ. ಎಳೆದುಕೊಂಡೇ ಒಳಗೆ ಹೋದರು. ನಾನೂ ಹಿಂದೆ ಹೋದೆ. ಪ್ರಸಂಗ ನಿಂತಿತು. ತಾತ ಒಂದೊಂದು ಬೆಂಚಿನ ಹತ್ತಿರ ನಿಂತು ಮುಖಗಳನ್ನು ನೋಡಿದರು. ಕೆಲವರ ತಲೆ ಮುಟ್ಟಿದರು. ‘ಇವನಿದಾನೆ. ಇವಳಿದಾಳೆ. ಓ, ನೀನೂ ಇದೀಯಾ?’ ಎನ್ನುತ್ತ ಮುಂದೆ ಹೋದರು. ಒಬ್ಬ ಮುದುಕಿ ‘ಇದೀನಣ್ಣಾ’ ಎಂದರು. ಅವರಿಗೆ ಏನೆನ್ನಿಸಿತೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಂದಿನ ಬೆಂಚು ಮುಟ್ಟುವಷ್ಟರಲ್ಲಿ ತಾತ ಶಾಂತರಾಗಿದ್ದರು. ಅಲ್ಲಿ ಕೂತರು. ಕೈ ಬಿಡದ್ದರಿಂದ ಅಪ್ಪನೂ ಕೂತರು. ಸೈಕಲ್ ನಿಲ್ಲಿಸಿ ಬಂದ ಮಾವ ತಾತನ ಇನ್ನೊಂದು ಪಕ್ಕದಲ್ಲಿ ಕೂತರು. ಪಾದ್ರಿಗಳು ಪ್ರಸಂಗ ಬಿಟ್ಟು ಪ್ರಾರ್ಥನೆಗೆ ಹೋದರು.

ಆಮೇಲೆ ಮರದ ಕೆಳಗೆ ಏನಾಗುತ್ತದೋ ಎಂದು ನಾನು ಕಾದಿದ್ದೆ. ಭಾನುವಾರದ ಶಾಲೆಯ ಕಥೆಗಳಲ್ಲಿ ಜಗಳವಾಡಿದವರು ಅತ್ತು ಕ್ಷಮೆ ಕೇಳುತ್ತಾರೆ, ತಬ್ಬಿಕೊಳ್ಳುತ್ತಾರೆ. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಇಷ್ಟು ತಿಂಗಳು ಎಲ್ಲಿದ್ದಿರಿ ಎಂದು ಯಾರೂ ಅಪ್ಪನನ್ನು ಕೇಳಲಿಲ್ಲ. ‘ಅಜ್ಜಿ ಮಂಡಿಗೆ ಎಕ್ಕದ ಎಲೆ ಕಾಯಿಸಿ ಕಟ್ಟಿದ್ರಾ?’ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಅಪ್ಪನ ಒದ್ದೆ ತಲೆ ನೋಡಿ ಟವೆಲ್ ಕೊಟ್ಟರು. ಪಂಚೆಯಲ್ಲಿ ಬಂದದ್ದಕ್ಕೆ ಅಪ್ಪನಿಗೆ ನಾಚಿಕೆಯಾಗಿತ್ತು. ಬೇಗ ಹೊರಟೆವು.

ಮುಂದಿನ ಭಾನುವಾರ ಅಪ್ಪ ಕೋಟು ಹಾಕಿಕೊಂಡು, ‘ಹೊತ್ತಾಯ್ತು, ಹೊರಡಿ,’ ಎಂದರು. ಅಷ್ಟೇ. ಅಜ್ಜಿಯನ್ನು ಅಪ್ಪನೂ ಜಟಕಾದವನೂ ಸೇರಿ ಎತ್ತಿ ಕೂರಿಸಿದರು. ಹಾಲಿನಕ್ಕ ಗೋಡೆಯ ಮೇಲಿಂದ, ‘ಸರೋಯ್ತಾ ಟೀಚ್ರಮ್ಮ? ಎಂಗೆ ಸರೋಯ್ತು?’ ಎಂದು ಕೇಳಿದರು.

‘ಗೊತ್ತಿಲ್ಲ ಕಣಕ್ಕ,’ ಎಂದರು ಅಮ್ಮ.

ನಿಜವಾಗಿಯೂ ಸರಿಹೋಯಿತೇ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಮತ್ತೆ ಗಾಯಕ ತಂಡದಲ್ಲಿ ನಿಂತರು. ಅವರ ಪಕ್ಕದಲ್ಲೇ ಮಾವನ ಜಾಗ. ವರ್ಷಗಟ್ಟಲೆ ಒಂದೇ ಪುಸ್ತಕ ಹಿಡಿದು ಹಾಡಿದರು, ಆದರೆ ನೇರವಾಗಿ ಮಾತಾಡಿದ್ದನ್ನು ನಾನು ನೋಡಲಿಲ್ಲ. ‘ನಾಳೆ ಪ್ರಾಕ್ಟೀಸ್ ಆರು ಗಂಟೆಗೆ ಅಂತ ನಿಮ್ಮಪ್ಪಂಗೆ ಹೇಳು,’ ಎಂದು ಮಾವ ನನಗೆ ಹೇಳುತ್ತಿದ್ದರು, ಅಪ್ಪ ಅಲ್ಲೇ ನಿಂತಿದ್ದರೂ. ಮರುವರ್ಷ ತಾತ ತೀರಿಕೊಂಡರು. ಕೊನೆಗೆ ಅವರಿಗೆ ಯಾರ ಗುರುತೂ ಇರಲಿಲ್ಲ, ಅಜ್ಜಿಯದು ಮಾತ್ರ ಇತ್ತು. ಆ ಕ್ರಿಸ್‌ಮಸ್ಸಿಗೆ ಮಾವ ನಮ್ಮ ಮನೆಗೆ ಬಂದು, ಅಪ್ಪನ ಕಡೆ ನೋಡದೆ, ಅಜ್ಜಿಯ ಮಡಿಲಿಗೆ ಒಂದು ಸೀರೆ ಇಟ್ಟು, ‘ಅತ್ತೆ, ಇದು ತವರಿನದು,’ ಎಂದರು. ಅಜ್ಜಿ ಇರುವವರೆಗೆ ಪ್ರತಿ ಕ್ರಿಸ್‌ಮಸ್ಸಿಗೂ ತಂದರು. ಗುರುತು ಕೇಳಿದವರು ಅವರೇ ಆಗಿದ್ದರೆ ಇದೇನು? ಅವರಲ್ಲದಿದ್ದರೆ ಅಪ್ಪ ಅಷ್ಟು ತಿಂಗಳು ಯಾತಕ್ಕೆ ದೂರವಿದ್ದರು?

ಅರವತ್ತರ ದಶಕದಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಆ ಹೊತ್ತಿಗೆ ಅಜ್ಜಿ ಇರಲಿಲ್ಲ. ಮದುವೆಯ ಹಿಂದಿನ ದಿನ ಮನೆಯ ಮುಂದೆ ಚಪ್ಪರ ಏಳುತ್ತಿತ್ತು. ಇನ್ನು ಕೇಳಲು ಸಮಯ ಸಿಗುವುದಿಲ್ಲ ಎನ್ನಿಸಿ, ಕಾಫಿ ಕೊಡುವ ನೆಪದಲ್ಲಿ ಅಪ್ಪನ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

‘ಅಪ್ಪ, ಅವತ್ತು ಸುಗ್ಗಿ ಹಬ್ಬದ ದಿನ ನಿಜವಾಗಿ ಏನಾಯ್ತು? ಮಾವ ಏನಂದ್ರು?’

ಅಪ್ಪ ಲೋಟ ಹಿಡಿದು ತುಂಬ ಹೊತ್ತು ಯೋಚಿಸಿದರು. ಹಣೆ ಸುಕ್ಕು ಮಾಡಿಕೊಂಡು, ಏನನ್ನೋ ಹುಡುಕುವವರ ಹಾಗೆ ತೋರಿದರು. ಮುಚ್ಚಿಡುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ.

‘ಏನೂಂತ ಸರಿಯಾಗಿ ನೆನಪಿಲ್ಲ ಕಣಮ್ಮ,’ ಎಂದರು ಕೊನೆಗೆ. ‘ಆದ್ರೆ ತಪ್ಪು ಅವನ್ದೇ.’

ಲೋಟ ನನ್ನ ಕೈಗೆ ಕೊಟ್ಟು ಚಪ್ಪರದ ಕಡೆ ಹೋದರು. ಅಲ್ಲಿ ಸೆಕ್ರೆಟರಿ ಮಾವ ಬೆಳಿಗ್ಗೆಯಿಂದಲೂ ಇದ್ದರು. ಅಪ್ಪ ಏಣಿ ಹತ್ತಿದರು. ಮಾವ ಏನೂ ಮಾತಾಡದೆ ಕೆಳಗಿನಿಂದ ಒಂದೊಂದೇ ತೆಂಗಿನ ಗರಿಯನ್ನು ಎತ್ತಿ ಕೊಡಲು ಶುರುಮಾಡಿದರು.